ಫೋನಿನಲ್ಲಿದ್ದ ನೋಟ್ಸ್ ಎಲ್ಲಿಗೆ ಹೋಯಿತು?

ಹಾಸನದಲ್ಲಿರುವ ನನ್ನ ಅಕ್ಕನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ವರ್ಷದ ಮಾತು. ಪರೀಕ್ಷೆಗೆ ಇನ್ನು ಮೂರೇ ವಾರ. ಅವಳ ಫೋನಿನಲ್ಲಿ ‘ಜಾಗ ಸಾಲದು’ ಎಂಬ ಎಚ್ಚರಿಕೆ ದಿನಕ್ಕೆ ಹತ್ತು ಸಲ ಬರತೊಡಗಿತು. ‘ಕೊಡು, ನಾನು ಸರಿ ಮಾಡಿ ಕೊಡ್ತೀನಿ’ ಎಂದು ಭಾವ ಫೋನ್ ಇಸಿದುಕೊಂಡರು. ಬೇಡವೆನಿಸಿದ ಆ್ಯಪ್‌ಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಅವುಗಳಲ್ಲಿ ಒಂದು, ಹಾಳೆಗಳ ಫೋಟೊ ತೆಗೆದು ಪುಸ್ತಕದ ಹಾಗೆ ಜೋಡಿಸಿಡುವ ಸ್ಕ್ಯಾನ್ ಆ್ಯಪ್. ಹುಡುಗಿ ತನ್ನ ಗೆಳತಿಯಿಂದ ರಸಾಯನಶಾಸ್ತ್ರದ ನೋಟ್ಸ್ ಪುಸ್ತಕಗಳನ್ನು ಎರವಲು ತಂದು, ಪುಟಪುಟವನ್ನೂ ಅದರಲ್ಲಿ ತುಂಬಿಸಿಟ್ಟು, ಪುಸ್ತಕಗಳನ್ನು ಹಿಂದಿರುಗಿಸಿ ನಿಶ್ಚಿಂತೆಯಾಗಿದ್ದಳು!

ಸಂಜೆ ಆ್ಯಪ್ ಕಾಣಿಸದೆ ಮತ್ತೆ ಹಾಕಿಕೊಂಡಳು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ತೊಳೆದಿಟ್ಟ ಸ್ಲೇಟಿನಂತೆ ಖಾಲಿ.

ನಾನು ಆ ಭಾನುವಾರ ಅವರ ಮನೆಗೆ ಹೋದಾಗ ಅಪ್ಪ-ಮಗಳ ನಡುವೆ ಮಾತು ನಿಂತು ಎರಡು ದಿನವಾಗಿತ್ತು. ಭಾವನ ವಾದ ಒಂದೇ: ‘ನಾನು ತೆಗೆದದ್ದು ಆ್ಯಪ್ ತಾನೆ? ಅವಳ ನೋಟ್ಸ್ ಫೋನಿನಲ್ಲೇ ಇರಬೇಕಲ್ಲ! ಪೆಟ್ಟಿಗೆ ತೆಗೆದ ಮಾತ್ರಕ್ಕೆ ಪುಸ್ತಕ ಎಲ್ಲಿಗೆ ಹೋಗುತ್ತೆ ಮಾರಾಯ?’

ಪ್ರಶ್ನೆ ಸರಿಯಾದದ್ದೇ. ನಮ್ಮಲ್ಲಿ ಬಹುಮಂದಿ ನಂಬಿರುವುದೂ ಹೀಗೆಯೇ. ಕಂಪ್ಯೂಟರಿನಲ್ಲಿ ಬರವಣಿಗೆಯ ತಂತ್ರಾಂಶವನ್ನು ತೆಗೆದುಹಾಕಿದರೂ ಅದರಲ್ಲಿ ಬರೆದ ಪತ್ರ ‘ಡಾಕ್ಯುಮೆಂಟ್ಸ್’ ಫೋಲ್ಡರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಫೋನಿನಲ್ಲಿ ಮಾತ್ರ ಏಕೆ ಉಳಿಯುವುದಿಲ್ಲ? ಇದನ್ನು ತಿಳಿಯಬೇಕಾದರೆ ಫೋನಿನ ಒಳಮನೆಯನ್ನು ಒಮ್ಮೆ ನೋಡಿಬರಬೇಕು.

ವಠಾರದ ಲೆಕ್ಕ

ಹಳೆಯ ಬೆಂಗಳೂರು, ಮೈಸೂರುಗಳ ವಠಾರಗಳನ್ನು ನೆನಪಿಸಿಕೊಳ್ಳಿ. ಒಂದೊಂದು ಬಾಡಿಗೆದಾರನಿಗೂ ಒಂದೊಂದು ಕೋಣೆ. ಕೋಣೆಗೆ ಅವರವರದೇ ಬೀಗ. ನಡುವೆ ಎಲ್ಲರಿಗೂ ಸೇರಿದ ಅಂಗಳ. ನಿಮ್ಮ ಆಂಡ್ರಾಯ್ಡ್ ಫೋನ್ ಕೂಡ ಇಂಥದೊಂದು ವಠಾರ. ವಠಾರದ ಮಾಲೀಕರು ನೀವು. ಪ್ರತಿ ಆ್ಯಪ್ ಒಬ್ಬ ಬಾಡಿಗೆದಾರ.

ಆಂಡ್ರಾಯ್ಡ್‌ನ ತಳಪಾಯ ಲಿನಕ್ಸ್. ಲಿನಕ್ಸ್‌ನಲ್ಲಿ ಒಂದೇ ಯಂತ್ರವನ್ನು ಬಳಸುವ ಹತ್ತಾರು ಜನರಿಗೆ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಒಬ್ಬರ ಫೈಲನ್ನು ಇನ್ನೊಬ್ಬರು ತೆರೆಯದಂತೆ ಕಾಯುವ ವ್ಯವಸ್ಥೆ ಮೊದಲಿಂದಲೂ ಇದೆ. ಆಂಡ್ರಾಯ್ಡ್ ರೂಪಿಸಿದವರು ಇದನ್ನು ಜಾಣತನದಿಂದ ಬಳಸಿಕೊಂಡರು. ಮನುಷ್ಯರ ಬದಲು ಒಂದೊಂದು ಆ್ಯಪ್‌ಗೂ ಒಂದೊಂದು ಸಂಖ್ಯೆ ಕೊಟ್ಟರು. ಹೀಗಾಗಿ ಒಂದು ಆ್ಯಪಿನ ಕೋಣೆಗೆ ಇನ್ನೊಂದು ಆ್ಯಪ್ ಇಣುಕುವಂತಿಲ್ಲ. ನಿಮ್ಮ ಬ್ಯಾಂಕಿನ ಆ್ಯಪ್ ಇಟ್ಟುಕೊಂಡ ಗುಟ್ಟು ಪಕ್ಕದ ಆಟದ ಆ್ಯಪ್‌ಗೆ ತಿಳಿಯುವುದಿಲ್ಲ.

ಈ ಕೋಣೆಗೆ ಸಂಬಂಧಿಸಿದ ಒಂದು ಕಟ್ಟಳೆಯೇ ನಮ್ಮ ಹುಡುಗಿಯ ನೋಟ್ಸನ್ನು ನುಂಗಿದ್ದು. ಬಾಡಿಗೆದಾರ ಖಾಲಿ ಮಾಡಿದ ದಿನ ಅವನ ಕೋಣೆಯಲ್ಲಿ ಇರುವುದನ್ನೆಲ್ಲ ಗುಡಿಸಿ ಹೊರಗೆ ಹಾಕಲಾಗುತ್ತದೆ. ಆ್ಯಪ್ ತೆಗೆದುಹಾಕಿದಿರಿ ಎಂದರೆ ಅದರ ಕೋಣೆಯೂ ಹೋಯಿತು, ಕೋಣೆಯೊಳಗಿನ ಫೈಲುಗಳೂ ಹೋದವು. ಅವು ಆ್ಯಪ್ ತಯಾರಿಸಿದವರ ಸ್ವಂತ ಲೆಕ್ಕಪತ್ರವೇ ಆಗಿರಲಿ, ನೀವು ರಾತ್ರಿಯೆಲ್ಲ ಕೂತು ಮಾಡಿದ ನೋಟ್ಸೇ ಆಗಿರಲಿ, ಫೋನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಂಗಳದಲ್ಲಿ ಇಟ್ಟದ್ದರ ಕಥೆ ಬೇರೆ. ‘ಡೌನ್‌ಲೋಡ್’, ‘ಡಾಕ್ಯುಮೆಂಟ್ಸ್’, ‘ಪಿಕ್ಚರ್ಸ್’, ‘ಮ್ಯೂಸಿಕ್’ ಎಂಬ ಫೋಲ್ಡರುಗಳು ಅಂಗಳದ ಕಪಾಟುಗಳು ಇದ್ದ ಹಾಗೆ. ಅಲ್ಲಿ ಇಟ್ಟ ಫೈಲು, ಇಟ್ಟ ಆ್ಯಪ್ ಹೋದರೂ ಉಳಿಯುತ್ತದೆ. ಫೋನನ್ನು ಕಂಪ್ಯೂಟರಿಗೆ ಜೋಡಿಸಿದರೆ ಕಾಣುತ್ತದೆ. ಇನ್ನೊಂದು ಆ್ಯಪ್‌ನಲ್ಲಿ ತೆರೆಯಬಹುದು, ಪೆನ್‌ಡ್ರೈವಿಗೆ ಹಾಕಬಹುದು, ಗೆಳೆಯರಿಗೆ ಕಳಿಸಬಹುದು.

ಹಾಗಾದರೆ ಫೈಲು ನಿಮ್ಮದು ಎಂದು ಹೇಳುವುದು ಯಾವಾಗ? ಅದನ್ನು ಮಾಡಿದ ಆ್ಯಪ್ ಇಲ್ಲದೆಯೂ ನೀವು ಅದನ್ನು ತೆರೆಯಬಲ್ಲಿರಾದರೆ ಮಾತ್ರ.

ಬೀಗ ಬಿದ್ದದ್ದು ಏಕೆ?

‘ಹಿಂದೆ ಹೀಗಿರಲಿಲ್ಲವಲ್ಲ!’ ಎಂದು ಸ್ವಲ್ಪ ಹಳೆಯ ಫೋನ್ ಬಳಸಿದವರು ಕೇಳಬಹುದು. ನಿಜ, ಇರಲಿಲ್ಲ. ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಅಂದಿನಿಂದ ಹಲವು ವರ್ಷ ಅಂಗಳಕ್ಕೆ ಕಾವಲು ಬಹಳ ಸಡಿಲವಾಗಿತ್ತು. ‘ಸ್ಟೋರೇಜ್’ ಎಂಬ ಒಂದು ಅನುಮತಿ ಸಿಕ್ಕರೆ ಸಾಕು, ಆ್ಯಪ್ ಅಂಗಳದ ಎಲ್ಲ ಕಪಾಟುಗಳಿಗೂ ಕೈ ಹಾಕಬಹುದಿತ್ತು. ತನಗೆ ಬೇಕಾದ ಕಡೆ ಹೊಸ ಫೋಲ್ಡರ್ ಮಾಡಬಹುದಿತ್ತು. ಆ ಅನುಮತಿಯನ್ನೂ ಆ್ಯಪ್ ಹಾಕಿಕೊಳ್ಳುವಾಗಲೇ ಸಾರಾಸಗಟಾಗಿ ಕೊಟ್ಟುಬಿಡಬೇಕಿತ್ತು. ಬೇಡವೆಂದರೆ ಆ್ಯಪೇ ಇಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಮಾತ್ರ, ಅಗತ್ಯ ಬಿದ್ದಾಗ ಕೇಳಬೇಕು, ಬಳಸುವವರು ‘ಇಲ್ಲ’ ಎನ್ನಬಹುದು ಎಂಬ ಪದ್ಧತಿ ಬಂತು.

ಆದರೂ ಒಂದು ತೊಡಕು ಉಳಿಯಿತು. ‘ಹೌದು’ ಎಂದರೆ ಎಲ್ಲದಕ್ಕೂ ಹೌದು! ಒಂದು ಚಿತ್ರವನ್ನು ತಿದ್ದಲು ಅನುಮತಿ ಪಡೆದ ಆ್ಯಪ್, ನಿಮ್ಮ ಮನೆಮಂದಿಯ ಅಷ್ಟೂ ಫೋಟೊಗಳನ್ನೂ, ಡೌನ್‌ಲೋಡ್ ಫೋಲ್ಡರಿನಲ್ಲಿದ್ದ ಪಾಸ್‌ಬುಕ್ಕಿನ ಪ್ರತಿಯನ್ನೂ ಓದಬಹುದಿತ್ತು. ಜೊತೆಗೆ ಎಂದೋ ತೆಗೆದುಹಾಕಿದ ಆ್ಯಪ್‌ಗಳು ಬಿಟ್ಟುಹೋದ ಕಸ ಫೋನಿನ ತುಂಬ ಹರಡಿರುತ್ತಿತ್ತು.

ಇದನ್ನು ಕಟ್ಟುನಿಟ್ಟು ಮಾಡಲು ಗೂಗಲ್ ಸಂಸ್ಥೆ 2019ರ ಆಂಡ್ರಾಯ್ಡ್ 10ರಲ್ಲಿ ಹೊಸ ನಿಯಮ ತಂದಿತು. ಆ್ಯಪ್ ತನ್ನ ಕೋಣೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ, ಅಂಗಳದಲ್ಲಿ ತಾನು ಇಟ್ಟದ್ದನ್ನು ಮಾತ್ರ ಮುಟ್ಟಲಿ, ಇನ್ನೊಬ್ಬರು ಇಟ್ಟದ್ದು ಬೇಕಾದರೆ ಮಾಲೀಕರನ್ನು ಕೇಳಲಿ. ಇದಕ್ಕೆ ‘ಸ್ಕೋಪ್ಡ್ ಸ್ಟೋರೇಜ್’ ಎಂದು ಹೆಸರು. ಎಲ್ಲೆ ಕಟ್ಟಿದ ಉಗ್ರಾಣ ಎನ್ನಬಹುದು. ಆ್ಯಪ್ ಬರೆಯುವವರು ಗದ್ದಲ ಎಬ್ಬಿಸಿದರು. ಹಳೆಯ ಆ್ಯಪ್‌ಗಳನ್ನೆಲ್ಲ ತಿದ್ದಿ ಬರೆಯಬೇಕಲ್ಲ! ಹೀಗಾಗಿ ಅವರಿಗೆ ಒಂದು ವರ್ಷದ ವಾಯಿದೆ ಸಿಕ್ಕಿತು. 2020ರ ಆಂಡ್ರಾಯ್ಡ್ 11ರಿಂದ, ಅದಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಿಗೆಲ್ಲ ನಿಯಮ ಕಡ್ಡಾಯವಾಯಿತು.

ಮುಂದೆ ಬೀಗ ಇನ್ನಷ್ಟು ಸೂಕ್ಷ್ಮವಾಯಿತು. 2022ರ ಆಂಡ್ರಾಯ್ಡ್ 13ರಲ್ಲಿ ಚಿತ್ರ, ವಿಡಿಯೊ, ಹಾಡುಗಳಿಗೆ ಬೇರೆ ಬೇರೆ ಅನುಮತಿ ಬಂತು. 2023ರ ಆಂಡ್ರಾಯ್ಡ್ 14ರಲ್ಲಿ ‘ಎಲ್ಲ ಫೋಟೊ ಬೇಡ, ನಾನು ಆರಿಸಿದ ನಾಲ್ಕು ಮಾತ್ರ ನೋಡು’ ಎಂದು ಹೇಳುವ ಸೌಕರ್ಯವೂ ಬಂತು.

ಈ ಬೀಗಗಳೆಲ್ಲ ನಮ್ಮ ದೇಶಕ್ಕೆ ಎಷ್ಟು ಅಗತ್ಯವಾಗಿದ್ದವು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೊಬೈಲಿನಲ್ಲೇ ನಿಮಿಷಗಳಲ್ಲಿ ಸಾಲ ಕೊಡುತ್ತೇವೆಂದು ಬಂದ ಕೆಲವು ಆ್ಯಪ್‌ಗಳು ಸಾಲಗಾರರ ಫೋಟೊಗಳನ್ನೂ, ಬಂಧುಮಿತ್ರರ ಫೋನ್ ಸಂಖ್ಯೆಗಳನ್ನೂ ಎತ್ತಿಕೊಂಡು, ಕಂತು ತಡವಾದಾಗ ಅವನ್ನೇ ಮುಂದಿಟ್ಟು ಬೆದರಿಸಿದ ದೂರುಗಳು ಎಲ್ಲೆಡೆ ಕೇಳಿಬಂದವು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸಾಲದ ಆ್ಯಪ್‌ಗಳು ಫೋನಿನ ಫೈಲು, ಚಿತ್ರ, ಸಂಪರ್ಕ ಪಟ್ಟಿಗಳಿಗೆ ಕೈ ಹಾಕಬಾರದೆಂದು ಹೇಳಿತು. ಗೂಗಲ್ ಕೂಡ 2023ರ ಮೇ 31ರಿಂದ ತನ್ನ ಪ್ಲೇ ಸ್ಟೋರಿನಲ್ಲಿರುವ ವೈಯಕ್ತಿಕ ಸಾಲದ ಆ್ಯಪ್‌ಗಳು ಫೋಟೊ, ಸಂಪರ್ಕ ಪಟ್ಟಿಗಳನ್ನು ನೋಡುವುದನ್ನು ನಿಷೇಧಿಸಿತು.

ಆದ್ದರಿಂದ ಬೀಗವನ್ನು ಬೈಯುವಂತಿಲ್ಲ. ಕಳ್ಳನಿಗೆ ಹಾಕಿದ ಬೀಗ ಕೆಲವೊಮ್ಮೆ ಮನೆಯವರಿಗೂ ತೊಡಕಾಗುತ್ತದೆ, ಅಷ್ಟೆ. ಕೀಲಿ ಎಲ್ಲಿದೆ ಎಂದು ತಿಳಿದಿದ್ದರೆ ತೊಡಕಿಲ್ಲ.

ಬಾಗಿಲಲ್ಲಿ ನಿಂತು ಕೇಳುವ ಆ್ಯಪ್

ನಿಯಮ ಇಷ್ಟು ಬಿಗಿಯಾಗಿರುವಾಗ ಒಂದು ಆ್ಯಪ್ ನಿಮ್ಮ ಫೈಲನ್ನು ಅಂಗಳದಲ್ಲಿ ಇಡುವುದಾದರೂ ಹೇಗೆ? ಎರಡು ದಾರಿಗಳಿವೆ. ಎರಡಕ್ಕೂ ಹಳೆಯ ಕಾಲದ ‘ಸ್ಟೋರೇಜ್’ ಅನುಮತಿಯ ಅಗತ್ಯವಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮೊದಲನೆಯದು, ಅಂಗಳದ ನಿಗದಿತ ಕಪಾಟಿಗೆ ನೇರವಾಗಿ ಹಾಕುವುದು. ಚಿತ್ರವಾದರೆ ಪಿಕ್ಚರ್ಸ್‌ಗೆ, ಪಿಡಿಎಫ್ ಆದರೆ ಡೌನ್‌ಲೋಡ್‌ಗೋ ಡಾಕ್ಯುಮೆಂಟ್ಸ್‌ಗೋ ಆ್ಯಪ್ ತಾನೇ ಇಡುತ್ತದೆ. ಯಾವ ವಸ್ತು ಯಾರದು ಎಂದು ಫೋನ್ ಒಂದು ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ.

ಎರಡನೆಯದು, ನಿಮ್ಮನ್ನೇ ಕೇಳುವುದು. 2013ರ ಆಂಡ್ರಾಯ್ಡ್ 4.4ರಿಂದಲೇ ಈ ಸೌಲಭ್ಯ ಇದೆ. ‘ಸೇವ್’ ಎಂಬ ಗುಂಡಿ ಒತ್ತಿದಾಗ ಫೋಲ್ಡರುಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಆ ಪಟ್ಟಿಯನ್ನು ತೋರಿಸುತ್ತಿರುವುದು ಆ್ಯಪ್ ಅಲ್ಲ, ಫೋನು! ಆ್ಯಪ್ ಬಾಗಿಲ ಹೊರಗೆ ನಿಂತಿರುತ್ತದೆ. ನೀವು ಒಳಗೆ ಕಪಾಟು ಆರಿಸಿ, ಫೈಲಿಗೆ ಹೆಸರು ಕೊಟ್ಟು ‘ಇಲ್ಲಿಡು’ ಎನ್ನುತ್ತೀರಿ. ಆ ಒಂದು ಜಾಗಕ್ಕೆ ಮಾತ್ರ ಆ್ಯಪ್‌ಗೆ ಪ್ರವೇಶ. ಪಕ್ಕದ ಕಪಾಟಿನಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ನಿಮ್ಮ ಗುಟ್ಟೂ ಉಳಿಯಿತು, ಫೈಲೂ ನಿಮ್ಮ ಕೈಗೆ ಸಿಕ್ಕಿತು.

ನಮ್ಮ ಹುಡುಗಿಯ ಸ್ಕ್ಯಾನ್ ಆ್ಯಪಿನಲ್ಲೂ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಇತ್ತು. ಮೂಲೆಯ ಮೂರು ಚುಕ್ಕಿಗಳ ಹಿಂದೆ ಅಡಗಿತ್ತು. ಅವಳು ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಆ್ಯಪ್ ತೆರೆದರೆ ಪುಟಗಳು ಕಾಣುತ್ತಿದ್ದವಲ್ಲ, ಉಳಿದಿವೆ ಎಂದೇ ಭಾವಿಸಿದ್ದಳು. ‘ಕಾಣುವುದು’ ಬೇರೆ, ‘ಕೈಗೆ ಸಿಗುವುದು’ ಬೇರೆ ಎಂದು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ.

ಇಲ್ಲಿ ಇನ್ನೊಂದು ಮಾತು. ಪಾಠದ ಆ್ಯಪ್‌ಗಳಲ್ಲಿ, ಯೂಟ್ಯೂಬಿನಲ್ಲಿ ‘ಡೌನ್‌ಲೋಡ್’ ಮಾಡಿಕೊಂಡ ವಿಡಿಯೊ ಅಂಗಳಕ್ಕೆ ಬರುವುದಿಲ್ಲ. ಅದು ಇಂಟರ್‌ನೆಟ್ ಇಲ್ಲದಾಗ ಅದೇ ಆ್ಯಪಿನೊಳಗೆ ನೋಡಲು ಕೊಟ್ಟ ಎರವಲು. ಅದನ್ನು ಫೋಲ್ಡರಿನಲ್ಲಿ ಹುಡುಕಿ ಬೇಸರಪಡುವುದು ಬೇಡ. ಹಾಗೆಯೇ ವಾಟ್ಸ್‌ಆ್ಯಪಿನಲ್ಲಿ ಬಂದ ಪಿಡಿಎಫ್ ಕಾಣದೆ ಪರದಾಡುವವರು ಬಹಳ. ಹಿಂದೆ ವಾಟ್ಸ್‌ಆ್ಯಪಿನ ಫೋಲ್ಡರ್ ಅಂಗಳದ ನಡುವೆಯೇ ಇತ್ತು. ಹೊಸ ನಿಯಮದ ಬಳಿಕ ಅದು ‘ಆಂಡ್ರಾಯ್ಡ್’ ಫೋಲ್ಡರಿನೊಳಗಿನ ‘ಮೀಡಿಯಾ’ ಎಂಬ ಫೋಲ್ಡರಿಗೆ ಸ್ಥಳ ಬದಲಾಯಿಸಿದೆ. ಮುಖ್ಯವಾದ ನೋಟ್ಸ್ ಬಂದ ಕೂಡಲೇ ಅದನ್ನು ಡಾಕ್ಯುಮೆಂಟ್ಸ್ ಫೋಲ್ಡರಿಗೆ ನಕಲು ಮಾಡಿಕೊಳ್ಳುವುದೇ ಕ್ಷೇಮ.

ಐಫೋನಿನ ರೀತಿ

ಐಫೋನಿನಲ್ಲಿ ಬೀಗ ಮೊದಲಿಂದಲೂ ಬಿಗಿ. ಆ್ಯಪ್‌ಗಳು ಬಂದ 2008ರಿಂದಲೇ ಒಂದೊಂದಕ್ಕೂ ಪ್ರತ್ಯೇಕ ಕೋಣೆ. ಬಹಳ ಕಾಲ ಅಲ್ಲಿ ಅಂಗಳವೇ ಇರಲಿಲ್ಲ ಎನ್ನಬೇಕು. 2017ರಲ್ಲಿ ಐಓಎಸ್ 11ರ ಜೊತೆ ‘ಫೈಲ್ಸ್’ ಎಂಬ ಆ್ಯಪ್ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆದರೆ ಅದರಲ್ಲಿ ‘ಆನ್ ಮೈ ಐಫೋನ್’ ಎಂಬಲ್ಲಿ ಒಂದು ಆ್ಯಪಿನ ಹೆಸರಿನ ಫೋಲ್ಡರ್ ಕಂಡರೆ ಮೋಸಹೋಗಬೇಡಿ. ಅದು ಆ್ಯಪಿನ ಕೋಣೆಗೆ ಇಟ್ಟ ಕಿಟಕಿ ಮಾತ್ರ. ಆ್ಯಪ್ ಅಳಿಸಿದರೆ ಆ ಫೋಲ್ಡರೂ ಹೋಗುತ್ತದೆ. ಜಾಗ ಬೇಕಾದಾಗ ಐಫೋನಿನಲ್ಲಿ ‘ಡಿಲೀಟ್’ ಬದಲು ‘ಆಫ್‌ಲೋಡ್’ ಆರಿಸಿದರೆ ಆ್ಯಪ್ ಹೋಗಿ ಅದರ ದಾಖಲೆಗಳು ಉಳಿಯುತ್ತವೆ. ಆಂಡ್ರಾಯ್ಡ್‌ನಲ್ಲೂ ಇತ್ತೀಚಿನ ವರ್ಷಗಳಲ್ಲಿ ‘ಆರ್ಕೈವ್’ ಎಂಬ ಇಂಥದೇ ಸೌಲಭ್ಯ ಬಂದಿದೆ.

ಆ್ಯಪ್ ಬರೆಯುವ ವಿದ್ಯಾರ್ಥಿಗಳಿಗೆ

ಈ ಲೇಖನ ಓದುವವರಲ್ಲಿ ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇರಬಹುದು. ಪ್ರಾಜೆಕ್ಟಿಗೆಂದು ಆ್ಯಪ್ ಬರೆಯುವಾಗ ಹಳೆಯ ಪಾಠಗಳಲ್ಲಿನ ಸಾಲುಗಳನ್ನು ಹಾಗೆಯೇ ಎತ್ತಿ ಹಾಕಿಕೊಳ್ಳುವ ಅಭ್ಯಾಸ ಹಲವರಿಗಿದೆ. ಆ ಸಾಲುಗಳು ಸ್ಟೋರೇಜಿನಲ್ಲಿ ಬರೆಯಲು ಅನುಮತಿ ಕೇಳುತ್ತವೆ. ಆಂಡ್ರಾಯ್ಡ್ 11 ಮತ್ತು ಮುಂದಿನ ಆವೃತ್ತಿಗಳಿಗೆಂದು ತಯಾರಿಸಿದ ಆ್ಯಪ್‌ಗೆ ಅಂಥ ಅನುಮತಿಯಿಂದ ಹೆಚ್ಚಿನ ಪ್ರವೇಶವೇನೂ ಸಿಗುವುದಿಲ್ಲ. ಫೈಲು ಉಳಿಯದೆ, ದೋಷ ಎಲ್ಲಿದೆ ಎಂದೂ ತಿಳಿಯದೆ ರಾತ್ರಿ ಬೆಳಗಾಗುತ್ತದೆ.

ಆಗ ಕಣ್ಣಿಗೆ ಬೀಳುವುದು ‘ಎಲ್ಲ ಫೈಲುಗಳಿಗೂ ಪ್ರವೇಶ’ ಎಂಬ ದೊಡ್ಡ ಅನುಮತಿ. ಅದರ ಗೋಜಿಗೆ ಹೋಗಬೇಡಿ. ಅದು ಇರುವುದು ಫೈಲ್ ಮ್ಯಾನೇಜರ್, ಬ್ಯಾಕಪ್, ವೈರಸ್ ತಪಾಸಣೆಯಂಥ ಆ್ಯಪ್‌ಗಳಿಗಾಗಿ. ಏಕೆ ಬೇಕೆಂದು ವಿವರಣೆ ಕೊಡದೆ ಪ್ಲೇ ಸ್ಟೋರಿನಲ್ಲಿ ಅದಕ್ಕೆ ಒಪ್ಪಿಗೆ ಸಿಗುವುದಿಲ್ಲ.

ಯೋಚಿಸಬೇಕಾದ್ದು ಒಂದೇ: ಈ ಫೈಲು ಯಾರದು? ಆಟದ ಅಂಕ, ಹೊಂದಾಣಿಕೆಗಳು ಆ್ಯಪಿನವು, ಕೋಣೆಯಲ್ಲೇ ಇರಲಿ. ಬಳಸುವವರು ಬರೆದ ಪ್ರಬಂಧ, ತೆಗೆದ ಚಿತ್ರ, ಮಾಡಿದ ಲೆಕ್ಕ ಅವರದು, ಅಂಗಳಕ್ಕೆ ಬರಲಿ. ಎಲ್ಲಿಡಬೇಕೆಂದು ಅವರನ್ನೇ ಕೇಳಿ. ಇಟ್ಟ ಮೇಲೆ ‘ಡೌನ್‌ಲೋಡ್ ಫೋಲ್ಡರಿನಲ್ಲಿ ಇಂಥ ಹೆಸರಿನಲ್ಲಿದೆ’ ಎಂದು ಒಂದು ಸಾಲು ತೋರಿಸಿ. ಎಕ್ಸ್‌ಪೋರ್ಟ್ ಗುಂಡಿಯನ್ನು ಮೂರು ಚುಕ್ಕಿಗಳ ಹಿಂದೆ ಅಡಗಿಸಬೇಡಿ.

ಎರಡು ಸೂಕ್ಷ್ಮಗಳನ್ನು ಮರೆಯಬಾರದು. ಬಳಸುವವರು ಆರಿಸಿಕೊಟ್ಟ ಫೈಲಿನ ಪ್ರವೇಶವನ್ನು ಖಾಯಂ ಆಗಿ ಉಳಿಸಿಕೊಳ್ಳಲು ಆ್ಯಪ್ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಇಲ್ಲವಾದರೆ ಫೋನ್ ಆರಿಸಿ ಹಚ್ಚಿದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ. ಎರಡನೆಯದು, ಆ್ಯಪ್ ತೆಗೆದು ಮತ್ತೆ ಹಾಕಿದರೆ ಅಂಗಳದಲ್ಲಿ ತಾನೇ ಹಿಂದೆ ಇಟ್ಟ ಫೈಲಿಗೂ ಅದು ಹೊಸಬ. ಹಳೆಯ ಬಾಡಿಗೆದಾರ ಮರಳಿ ಬಂದರೂ ಖಾತೆ ಹೊಸದು! ಆದ್ದರಿಂದ ‘ಹಳೆಯ ಫೈಲು ತೆರೆ’ ಎಂಬ ಗುಂಡಿಯೊಂದನ್ನು ಇಟ್ಟು, ಬಳಸುವವರೇ ಅದನ್ನು ತೋರಿಸುವಂತೆ ಮಾಡಿ.

ಪಾಲಕರು, ಮಕ್ಕಳು ಕೂಡಿ ಮಾಡಬಹುದಾದ್ದು

ಇದಕ್ಕೆ ತಂತ್ರಜ್ಞಾನದ ಪಾಂಡಿತ್ಯವೇನೂ ಬೇಡ. ಒಂದು ಭಾನುವಾರದ ಅರ್ಧ ಗಂಟೆ ಸಾಕು.

ಮಗ ಅಥವಾ ಮಗಳು ನೋಟ್ಸ್, ಅಂಕಪಟ್ಟಿಯ ಪ್ರತಿ, ಪ್ರಾಜೆಕ್ಟ್ ಇವನ್ನೆಲ್ಲ ಯಾವ ಯಾವ ಆ್ಯಪಿನಲ್ಲಿ ಇಟ್ಟಿದ್ದಾರೆ ಎಂದು ಕೇಳಿ. ಆಮೇಲೆ ಆ ಆ್ಯಪನ್ನು ಮುಚ್ಚಿ. ಫೋನಿನಲ್ಲಿರುವ ‘ಫೈಲ್ಸ್’ ಅಥವಾ ‘ಫೈಲ್ ಮ್ಯಾನೇಜರ್’ ತೆರೆದು ಅದೇ ನೋಟ್ಸನ್ನು ಹುಡುಕಿ. ಸಿಕ್ಕಿದರೆ ಸರಿ. ಸಿಗದಿದ್ದರೆ ಆ್ಯಪ್ ತೆರೆದು ‘ಎಕ್ಸ್‌ಪೋರ್ಟ್’, ‘ಸೇವ್ ಆ್ಯಸ್’, ‘ಶೇರ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಬಳಸಿ ಪಿಡಿಎಫ್ ಮಾಡಿ ಡಾಕ್ಯುಮೆಂಟ್ಸ್‌ಗೆ ಹಾಕಿ. ‘ಪರೀಕ್ಷೆ’ ಎಂದೋ ‘ರಸಾಯನಶಾಸ್ತ್ರ’ ಎಂದೋ ಫೋಲ್ಡರಿಗೆ ಹೆಸರಿಡಿ.

ಜಾಗ ಸಾಲದಾದಾಗ ಮೊದಲು ‘ಕ್ಲಿಯರ್ ಕ್ಯಾಶ್’ ಎಂಬುದನ್ನು ಒತ್ತಿ. ಅದು ತಾತ್ಕಾಲಿಕ ಕಸವನ್ನಷ್ಟೇ ಗುಡಿಸುತ್ತದೆ. ಅದರ ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಅಪಾಯದ್ದು. ಅದು ಆ್ಯಪಿನ ಕೋಣೆಯನ್ನೇ ಖಾಲಿ ಮಾಡುತ್ತದೆ. ‘ಗೂಗಲ್ ಬ್ಯಾಕಪ್ ಇದೆಯಲ್ಲ’ ಎಂದು ಪೂರ್ತಿ ನೆಚ್ಚಬೇಡಿ. ಆಂಡ್ರಾಯ್ಡ್ ತಾನಾಗಿಯೇ ಮಾಡುವ ಬ್ಯಾಕಪ್ಪಿನಲ್ಲಿ ಒಂದು ಆ್ಯಪಿನ ಪಾಲು 25 ಎಂಬಿ ಮಾತ್ರ. ಫೋಟೊ ತೆಗೆದ ನೋಟ್ಸ್ ಪುಸ್ತಕ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಬ್ಯಾಕಪ್ ಬೇಡವೆಂದು ಆ್ಯಪ್ ಬರೆದವರೇ ಮೊದಲು ತೀರ್ಮಾನಿಸಿರಲೂಬಹುದು.

ಕೊನೆಯದಾಗಿ, ಅಂಗಳದಲ್ಲಿದ್ದ ಮಾತ್ರಕ್ಕೆ ಎಲ್ಲವೂ ಭದ್ರವಲ್ಲ. ಫೋನೇ ಬಸ್ಸಿನಲ್ಲಿ ಬಿದ್ದುಹೋದರೆ ವಠಾರವೇ ಹೋದಂತೆ. ಮುಖ್ಯವಾದ ಫೋಲ್ಡರನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿಗೋ ಕಂಪ್ಯೂಟರಿಗೋ ನಕಲು ಮಾಡಿಡಿ. ಅನುಮತಿಯ ವಿಷಯದಲ್ಲೂ ಮಕ್ಕಳಿಗೆ ಒಂದು ಪ್ರಶ್ನೆ ಕಲಿಸಿ: ‘ಈ ಕೆಲಸಕ್ಕೆ ಇದು ಬೇಕೇ?’ ಒಂದು ಫೋಟೊ ಹಾಕಲು ಎಲ್ಲ ಫೋಟೊ ಕೇಳುವ ಆ್ಯಪ್‌ಗೆ ‘ಆರಿಸಿದವು ಮಾತ್ರ’ ಎಂದರೆ ಸಾಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಗಾದೆ. ನಾನು ಹಾಸನದಲ್ಲಿ ಇದನ್ನೆಲ್ಲ ವಿವರಿಸಿದ್ದೂ ಹಾಗೆಯೇ ಆಯಿತು. ಅಳಿಸಿಹೋದ ಪುಟಗಳು ಮರಳಿ ಬರಲಿಲ್ಲ. ಭಾವ ಏನೂ ಮಾತಾಡದೆ ಸ್ಕೂಟರ್ ತೆಗೆದರು. ಗೆಳತಿಯ ಮನೆಗೆ ಹೋಗಿ, ಅವಳ ತಂದೆಯ ಹತ್ತಿರ ವಿಷಯ ಹೇಳಿ, ಪುಸ್ತಕಗಳನ್ನು ಮೂರು ದಿನದ ಮಟ್ಟಿಗೆ ಮತ್ತೆ ಇಸಿದುಕೊಂಡು ಬಂದರು. ಮೂರು ಸಂಜೆ ಊಟದ ಮೇಜಿನ ಮೇಲೆ ಕೆಲಸ ನಡೆಯಿತು. ಅವರು ಟೇಬಲ್ ಲ್ಯಾಂಪ್ ಹಿಡಿದು ಪುಟ ತಿರುವಿದರು, ಮಗಳು ಫೋಟೊ ತೆಗೆದಳು. ಒಂದೊಂದು ಅಧ್ಯಾಯ ಮುಗಿದಾಗಲೂ ಎಕ್ಸ್‌ಪೋರ್ಟ್ ಒತ್ತಿ, ಫೈಲ್ಸ್ ತೆರೆದು, ‘ಬಂದಿದೆ ನೋಡಿ ಅಪ್ಪಾ’ ಎಂದು ತೋರಿಸಿದಳು.

ಈಗ ಆ ಮನೆಯಲ್ಲಿ ಫೋನಿನಿಂದ ಏನನ್ನಾದರೂ ಅಳಿಸುವ ಮುನ್ನ ಭಾವ ಒಂದು ಮಾತು ಕೇಳುತ್ತಾರೆ: ‘ಇದರೊಳಗೆ ನಿನ್ನದೇನಾದರೂ ಇದೆಯೇನೆ?’

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಕೇಳುವ ಅಭ್ಯಾಸ ಆಗಲಿ. ಮೊದಲೇ ಆಗಲಿ.